ಗೂರ್ಖಾ ಗಾಡಿಗೆ ಚಕ್ಕಡಿ ಲೆಕ್ಕ

ಪುಣೆ ಹತ್ತಿರದ ಚಾಕಣದಲ್ಲಿ ಲಾರಿ ತೂಗುವ ಕಾಟಾದವನು ಚೀಟಿ ಹರಿದು ಕೊಡುತ್ತಾ ಕೇಳಿದ: "ಕಾಯ್ ಭರಲಂಯ್ ಸಾಹೇಬ್, ಲೋಖಂಡ ಕಾ?" ಕಬ್ಬಿಣ ತುಂಬಿರಲಿಲ್ಲ. ಎರಡು ರಾತ್ರಿ ಕೊಂಕಣದಲ್ಲಿ ಮಲಗಿ ಬರುವುದಕ್ಕೆ ಬೇಕಾದ ಸಾಮಾನು ಅಷ್ಟೇ. ಚೀಟಿಯಲ್ಲಿ 2,520 ಕೆ.ಜಿ. ಇತ್ತು. ಗಾಡಿ ಹೊಸದಾಗಿ ಬಂದಾಗ ಇದೇ ಕಾಟಾ ಮೇಲೆ ಟ್ಯಾಂಕ್ ತುಂಬಿಸಿ ತೂಗಿಸಿದ್ದೆ, ಆಗ 2,060. ಅಂದರೆ ಒಬ್ಬರೂ ಹತ್ತುವ ಮೊದಲೇ 460 ಕೆ.ಜಿ. ಏರಿಸಿದ್ದೆ. ನಾನು, ಹೆಂಡತಿ, ಮಗ, ಅಪ್ಪ ಕೂತರೆ ಇನ್ನೊಂದು ಕಾಲು ಟನ್. ಬಾಗಿಲ ಹತ್ತಿರದ ಪ್ಲೇಟಿನಲ್ಲಿ ಬರೆದ ಒಟ್ಟು ತೂಕವನ್ನು ಅದಕ್ಕೂ ಮುಂಚೆ ನಾನು ಓದಿಯೇ ಇರಲಿಲ್ಲ.

ಗಾಡಿ ಫೋರ್ಸ್ ಗೂರ್ಖಾ, ಮೂರು ಬಾಗಿಲಿನದು, 2021ರ ಮಾದರಿ. 2.6 ಲೀಟರ್ ಡೀಸೆಲ್, 90 ಕುದುರೆ ಶಕ್ತಿ. ಫೋರ್ ಬೈ ಫೋರ್ ಇದೆ, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಶಕ್ತಿ. ಎಡಬಲದ ಚಕ್ರಗಳು ಒಟ್ಟಿಗೇ ತಿರುಗುವಂತೆ ಬಿಗಿಯುವ ಡಿಫ್ ಲಾಕ್ ಮುಂದಿನ ಹಿಂದಿನ ಎರಡೂ ಆಕ್ಸಲ್‌ಗೆ ಕಂಪನಿಯಿಂದಲೇ ಬಂದಿದೆ, ಇಂಜಿನ್ನಿಗೆ ಮೇಲಿನಿಂದ ಗಾಳಿ ಕೊಡುವ ಕೊಳವೆ, ಸ್ನಾರ್ಕಲ್ ಕೂಡ. ಪುಣೆಯ ಆಕುರ್ಡಿಯ ಕಂಪನಿಯ ಗಾಡಿ, ಆಕುರ್ಡಿಯ ಹತ್ತಿರವೇ ನಮ್ಮ ಮನೆ. ಚಾಕಣದ ಫ್ಯಾಕ್ಟರಿಯೊಂದರ ಟೂಲ್ ರೂಮಿನಲ್ಲಿ ಹದಿನೆಂಟು ವರ್ಷದಿಂದ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ನಾನು, ಸ್ವಂತ ಗಾಡಿಯ ವಿಷಯದಲ್ಲಿ ಕ್ವಿಂಟಲ್ ಲೆಕ್ಕವನ್ನೇ ತಪ್ಪಿದ್ದೆ.

ತಪ್ಪಿದ್ದು ಹೇಗೆ ಅಂದರೆ, ಆಸ್ಟ್ರೇಲಿಯಾದವರು ಗಾಡಿಯಲ್ಲಿ ಕ್ಯಾಂಪಿಂಗ್ ಹೋಗುವ ವಿಡಿಯೋಗಳನ್ನು ನೋಡಿದ್ದರಿಂದ. ಅವರು ಊರು ಬಿಟ್ಟರೆ ನೂರಾರು ಕಿಲೋಮೀಟರ್ ನೀರಿಲ್ಲ, ಅಂಗಡಿಯಿಲ್ಲ. ಅವರ ಗಾಡಿಯಲ್ಲಿ ಇರುವುದೆಲ್ಲ ನನ್ನದರಲ್ಲೂ ಇರಬೇಕು ಅನ್ನಿಸಿತು. ನಮ್ಮದು ತಾಮ್ಹಿಣಿ ಘಾಟ್ ಇಳಿದರೆ ಮಾಣಗಾಂವ್, ಅಲ್ಲಿ ಬೇಕಾದ್ದೆಲ್ಲ ಸಿಗುತ್ತದೆ ಅನ್ನೋದು ಹೊಳೆಯಲಿಲ್ಲ. ಚಾವಣಿಗೆ 42 ಕೆ.ಜಿ.ಯ ಕಬ್ಬಿಣದ ರ್‍ಯಾಕು, ಅದರ ಮೇಲೆ 58 ಕೆ.ಜಿ.ಯ ರೂಫ್ ಟೆಂಟ್. ಹಿಂದೆ 18 ಎಂ.ಎಂ. ಪ್ಲೈವುಡ್ಡಿನ ಡ್ರಾಯರ್. ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನಿಂದ ಎಂಟು-ನಾಲ್ಕು ಅಡಿಯ ಹಲಗೆ ತಂದು ನಾನೇ ಕೊಯ್ದು ಕೂಡಿಸಿದ್ದು. ಒಂದು ಹಲಗೆಯೇ ಮೂವತ್ತು ಕೆ.ಜಿ. ದಾಟುತ್ತದೆ. ಚಾನೆಲ್ಲು, ಕಬ್ಜ, ಬೀಗ ಸೇರಿ ಡ್ರಾಯರ್ 88 ಕೆ.ಜಿ. ಆಗಿತ್ತು. ಎಳೆದರೆ ಬೆಣ್ಣೆಯ ಹಾಗೆ ಜಾರುತ್ತಿತ್ತು, ಬಂದವರಿಗೆಲ್ಲ ಎಳೆದು ತೋರಿಸಿದ್ದೂ ಆಯಿತು.

ಇನ್ನು ಬ್ಯಾಟರಿ. ಈ ತಪ್ಪನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದನ್ನೇ ಮಾಡಲು ಹೊರಟ ಮೂವರನ್ನು ಆಮೇಲೆ ನಾನೇ ತಡೆದಿದ್ದೇನೆ. ಮನೆಯ ಇನ್ವರ್ಟರಿನ 150 ಎ.ಎಚ್. (ಆಂಪಿಯರ್ ಅವರ್) ಟ್ಯೂಬ್ಯುಲರ್ ಬ್ಯಾಟರಿ ಖಾಲಿ ಕೂತಿತ್ತು. 55 ಕೆ.ಜಿ. ಅದನ್ನು ಡ್ರಾಯರ್ ಪಕ್ಕ ಕೂರಿಸಿ, ಇಂಜಿನ್ ಬ್ಯಾಟರಿಯಿಂದ 6 ಸ್ಕ್ವೇರ್ ಎಂ.ಎಂ. ವೈರ್ ಎಳೆದು ಜೋಡಿಸಿದೆ. ಇನ್ವರ್ಟರ್ ಬ್ಯಾಟರಿ ಮನೆಯ ಮೂಲೆಯಲ್ಲಿ ಅಲುಗಾಡದೆ ಕೂರಲು ಮಾಡಿದ್ದು. ಅದರೊಳಗಿರೋದು ಗಂಧಕಾಮ್ಲ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಪಾನಶೇತದ ಹಿನ್ನೀರಿನ ಕಡೆ ಒಂದು ಓರೆ ದಾರಿಯಲ್ಲಿ ಗಾಡಿ ವಾಲಿದಾಗ ಫ್ಲೋಟ್ ಮುಚ್ಚಳದಿಂದ ಆಸಿಡ್ ಸೋರಿತು. ರಾತ್ರಿ ಮೂಗು ಉರಿಯಿತು, ಯಾಕೆಂದು ತಿಳಿಯಲಿಲ್ಲ. ಬೆಳಿಗ್ಗೆ ನೋಡಿದರೆ ಮ್ಯಾಟಿಗೆ ಜರಡಿಯ ಹಾಗೆ ತೂತು, ಮಗನ ಬ್ಯಾಗಿನ ಒಂದು ಪಟ್ಟಿ ಮುಟ್ಟಿದರೆ ಪುಡಿ. ಅಡುಗೆಯ ಸೋಡಾ ಸುರಿದು, ನೀರು ಹಾಕಿ, ಮತ್ತೆ ಸೋಡಾ ಸುರಿದು ತೊಳೆದೆವು.

ಆ ಬ್ಯಾಟರಿ ಯಾವತ್ತೂ ಪೂರ್ತಿ ಚಾರ್ಜ್ ಕೂಡ ಆಗುತ್ತಿರಲಿಲ್ಲ. ಕಾರಣ ವೈರು. ಮುಂದಿನಿಂದ ಹಿಂದಕ್ಕೆ ಐದು ಮೀಟರ್, ಹೋಗಿ ಬರುವುದು ಸೇರಿ ಹತ್ತು. 6 ಸ್ಕ್ವೇರ್ ತಾಮ್ರದಲ್ಲಿ 30 ಆಂಪಿಯರ್ ಹರಿದರೆ ಸುಮಾರು 0.9 ವೋಲ್ಟ್ ದಾರಿಯಲ್ಲೇ ಬಿದ್ದುಹೋಗುತ್ತದೆ. ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ 14.2 ಕೊಟ್ಟರೆ ಹಿಂದೆ ತಲುಪೋದು 13.3. ಮನೆಯಲ್ಲಿ 230 ವೋಲ್ಟಿಗೆ ಒಂದು ವೋಲ್ಟ್ ಹೋದರೆ ಯಾರಿಗೂ ಗೊತ್ತಾಗದು. ಹನ್ನೆರಡರಲ್ಲಿ ಒಂದು ಹೋದರೆ ಕೆಲಸವೇ ಕೆಟ್ಟಿತು. ಅದೇ ಉದ್ದಕ್ಕೆ 16 ಸ್ಕ್ವೇರ್ ಹಾಕಿದರೆ ಬೀಳೋದು 0.33 ವೋಲ್ಟ್.

ಆದರೂ ಬುದ್ಧಿ ಬಂದದ್ದು ವರಂಧಾ ಘಾಟಿನಲ್ಲಿ. ಭೋರ್‌ನಿಂದ ಮಹಾಡಿಗೆ ಇಳಿಯುವ ದಾರಿ, ಮಳೆಗಾಲದಲ್ಲಿ ಮುಚ್ಚಿಬಿಡುತ್ತಾರೆ, ನಾವು ಹೋದದ್ದು ಜನವರಿಯಲ್ಲಿ. ಪ್ರತಿ ತಿರುವಿನಲ್ಲೂ ಗಾಡಿ ಹೊರಕ್ಕೆ ವಾಲಿ, ಒಂದು ಕ್ಷಣ ಯೋಚನೆ ಮಾಡಿ, ಆಮೇಲೆ ನೆಟ್ಟಗಾಗುತ್ತಿತ್ತು. ಎರಡನೇ ಗೇರಿನಲ್ಲೇ ಇಳಿದರೂ ಅರ್ಧದಾರಿಯಲ್ಲಿ ಬ್ರೇಕಿನ ಸುಟ್ಟ ವಾಸನೆ. ಬದಿಗೆ ನಿಲ್ಲಿಸಿದೆ. ನವಲಗುಂದದಿಂದ ಬಂದಿದ್ದ ಅಪ್ಪ ಕೆಳಗಿಳಿದು ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದರು. ಚಾವಣಿ ನೋಡಿದರು. ಹಿಂದಿನ ಬಾಗಿಲು ತೆಗೆಸಿ ನೋಡಿದರು.

"ತಮ್ಮಾ, ಚಕ್ಕಡಿ ಹೂಡೂದು ನೋಡಿಯಿಲ್ಲ ನೀ?"

ನೋಡಿದ್ದೆ. ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಅಜ್ಜ ಚಕ್ಕಡಿ ತುಂಬುತ್ತಿದ್ದರು. ಜೋಳದ ಹಿಟ್ಟಿನ ಚೀಲ, ನೀರಿನ ಕೊಡ, ಎತ್ತಿನ ಹೊಟ್ಟು-ಹಿಂಡಿ, ಹಾಸಿಗೆ, ಮಕ್ಕಳು ಎಲ್ಲ ಒಂದರಲ್ಲೇ.

"ಹಿಂದ ಭಾರ ಆದ್ರ ನೊಗಾ ಮ್ಯಾಲ ಏಳತೈತಿ, ಎತ್ತಿನ ಕುತಿಗಿ ಬಿಗಿತೈತಿ. ಮುಂದ ಭಾರ ಆದ್ರ ಹೆಗಲು ಹುಣ್ಣಾಗತೈತಿ. ಭಾರಾದ್ದು ಅಚ್ಚಿನ ಮ್ಯಾಲ, ಕೆಳಗ. ನೀ ಎಲ್ಲಾ ನೆತ್ತಿ ಮ್ಯಾಲ ಹೇರೀದಿ."

ಅಲ್ಲಿಂದ ಮಹಾಡಿನವರೆಗೆ ಮಾತಿಲ್ಲ. ಮರುವಾರವೇ ಚಾಕಣದ ಕಾಟಾಗೆ ಹೋಗಿ ಆ 2,520ರ ಚೀಟಿ ತಂದದ್ದು. ಮನೆಗೆ ಬಂದು ಪ್ರತಿಯೊಂದು ಸಾಮಾನನ್ನೂ ಹೊರಗೆ ತೆಗೆದು, ರದ್ದಿಯವರ ಹತ್ತಿರ ಇರುವಂಥ ಕೊಕ್ಕೆ ತಕ್ಕಡಿಯಲ್ಲಿ ತೂಗಿ ಪಟ್ಟಿ ಮಾಡಿದೆ. ಗಾಡಿಯನ್ನು ಬಂಪರಿನಿಂದ ಎತ್ತುವ ಹದಿಮೂರು ಕೆ.ಜಿ.ಯ ಹೈ ಲಿಫ್ಟ್ ಜ್ಯಾಕ್ ಒಮ್ಮೆಯೂ ಬಳಸಿರಲಿಲ್ಲ. ಗೂರ್ಖಾದ ಮೂಲ ಬಂಪರಿಗೆ ಅದನ್ನು ಕೊಟ್ಟು ಎತ್ತುವ ಜಾಗವೂ ಇಲ್ಲ.

ರೂಫ್ ಟೆಂಟ್ ಮೊದಲು ಹೋಯಿತು. ಹೋಗಲು ತೂಕವೊಂದೇ ಕಾರಣವಲ್ಲ. ಅದು ಏರಿದ ಮೇಲೆ ನಮ್ಮ ಸೊಸೈಟಿಯ ಬೇಸ್‌ಮೆಂಟಿನೊಳಗೆ ಗಾಡಿ ಹೋಗುತ್ತಿರಲಿಲ್ಲ, ಸೆಕ್ರೆಟರಿ ಕಾಕಾರ ಹತ್ತಿರ ದಿನಾ ಮಾತು. ಕೊಂಕಣದ ಓಣಿಗಳಲ್ಲಿ ಹಲಸಿನ ಕೊಂಬೆ, ಜೋತುಬಿದ್ದ ಕರೆಂಟಿನ ತಂತಿ. ಅಪ್ಪನಿಗೆ ಏಣಿ ಹತ್ತಲು ಆಗದು. ರಾತ್ರಿ ಯಾರಿಗಾದರೂ ಹೊಟ್ಟೆನೋವು ಬಂದರೆ ಟೆಂಟ್ ಮಡಚಿ, ಕಟ್ಟಿ, ಆಮೇಲೆ ಗಾಡಿ ಹೊರಡಿಸಬೇಕು. ಈಗ ಎಂಟು ಕೆ.ಜಿ.ಯ ನೆಲದ ಟೆಂಟ್ ಇದೆ. ಚೇಳು ಬರುತ್ತವೆ ಅನ್ನುವವರಿಗೆ ನನ್ನ ಉತ್ತರ: ಝಿಪ್ ಹಾಕಿ, ಚಪ್ಪಲಿ ಒಳಗಿಡಿ.

ರ್‍ಯಾಕು ತೆಗೆದಾಗ ಬಿಚ್ಚಿಕೊಟ್ಟ ಭೋಸರಿಯ ವೆಲ್ಡಿಂಗ್ ಮೇಸ್ತ್ರಿ ನಮ್ಮ ಬಿಜಾಪುರ ಕಡೆಯವರು. "ಮುಂದ ಒಂದು ಬುಲ್ ಬಾರ್ ಹಾಕೂಣೇನ್ರಿ ಸರ, ಗಾಡಿ ಹುಲಿ ಆಗತೈತಿ" ಅಂದರು. ಬಂಪರಿನ ಮುಂದೆ ಕಟ್ಟುವ ಆ ಕಬ್ಬಿಣದ ಗಾರ್ಡು ಬೇಡ ಅಂದೆ. 2017ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ಅವನ್ನು ಬೇಡವೆಂದಿದೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ಸ್ವರೂಪ ಬದಲಿಸಬಾರದೆನ್ನುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಹಾಗಾಗಿ ನನ್ನ ನಿಯಮ: ಗಾಡಿಯ ಮೈಯನ್ನು ಕೊರೆಯುವುದಿಲ್ಲ, ವೆಲ್ಡ್ ಮಾಡುವುದಿಲ್ಲ, ಸೀಟು ಕೀಳುವುದಿಲ್ಲ. ಟೈರು 245/70 ಆರ್ 16, ಬಂದ ಅಳತೆಯೇ. ಸ್ಪ್ರಿಂಗೂ ಬಂದದ್ದೇ. ಭಾರ ಇಳಿಸಿದರೆ ಬೇರೆ ಸ್ಪ್ರಿಂಗಿನ ಮಾತೇ ಬರುವುದಿಲ್ಲ.

ಡ್ರಾಯರಿನ ಜಾಗಕ್ಕೆ ಬಂದದ್ದು ಟೊಮೆಟೊ ಕ್ರೇಟು. ಮಾರ್ಕೆಟ್ ಯಾರ್ಡಿನಲ್ಲಿ ಸಿಗುವ ಪ್ಲಾಸ್ಟಿಕ್ ಕ್ರೇಟು, ಎರಡು ಕೆ.ಜಿ.ಗೂ ಕಡಿಮೆ, ಮಾಲು ತುಂಬಿ ಹತ್ತರ ಮೇಲೆ ಹತ್ತು ಪೇರಿಸಿದರೂ ಮಿಸುಕದು, ನೀರು ಬಿದ್ದರೆ ಜಾಲಿಯಿಂದ ಹರಿದುಹೋಗುತ್ತದೆ. ಕೆಳಗೆ ಫ್ಯಾಕ್ಟರಿಗಳಲ್ಲಿ ಬಳಸುವ 30 ಎಂ.ಎಂ. ಅಲ್ಯುಮಿನಿಯಂ ಪ್ರೊಫೈಲಿನ ಚೌಕಟ್ಟು, ಗಾಡಿಯಲ್ಲಿ ಮೊದಲೇ ಇದ್ದ ಬೋಲ್ಟಿನ ತೂತಿಗೇ ಬಿಗಿದಿದೆ. ಒಂದರಲ್ಲಿ ಅಡುಗೆ, ಒಂದರಲ್ಲಿ ಪಾನಾ-ಹಗ್ಗ, ಒಂದರಲ್ಲಿ ಹಾಸಿಗೆ. ಮೇಲೆ ರ್‍ಯಾಚೆಟ್ ಬೆಲ್ಟ್. ಕ್ಯಾಂಪ್ ಮುಟ್ಟಿದರೆ ಕ್ರೇಟನ್ನೇ ಎತ್ತಿ ಕೆಳಗಿಟ್ಟು ತಿರುವಿದರೆ ಅದೇ ಮಣೆ. ಡ್ರಾಯರಿಗೆ ಈ ಗುಣ ಎಲ್ಲಿಯದು?

ಬೆಲ್ಟನ್ನು ಮಾತ್ರ ಸಡಿಲ ಬಿಡಬಾರದು. ಗಾಡಿ ಗಕ್ಕನೆ ನಿಂತರೆ ಹಿಂದಿನ ಇಪ್ಪತ್ತು ಕೆ.ಜಿ. ನೀರಿನ ಕ್ಯಾನು ಮುಂದಿನವರ ಬೆನ್ನಿಗೆ ಬರುತ್ತದೆ. ಈಗ ಎರಡು ಕ್ಯಾನು, ಹಿಂದಿನ ಎರಡು ಸೀಟುಗಳ ನಡುವೆ ನೆಲದ ಮೇಲೆ, ಮಗನ ಕಾಲಿನ ಹತ್ತಿರ. ಅಪ್ಪ ಹೇಳಿದ ಅಚ್ಚಿನ ಜಾಗ. ಡೀಸೆಲ್ ಕ್ಯಾನು ಇಡುವುದಿಲ್ಲ. ಟ್ಯಾಂಕೇ ಅರವತ್ತು ಲೀಟರ್ ದಾಟುತ್ತದೆ, ಪುಣೆಯಿಂದ ಗೋವಾ ಮುಟ್ಟಿಯೂ ಮಿಗುತ್ತದೆ.

ಫ್ರಿಜ್ ವಿಷಯಕ್ಕೆ ಮನೆಯಲ್ಲಿ ದೊಡ್ಡ ವಾದ ನಡೆಯಿತು. 40 ಲೀಟರಿನದು ಇತ್ತು. "ಏನ್ರೀ, ಕಟಕ ರೊಟ್ಟಿ ಐತಿ, ಶೇಂಗಾ ಚಟ್ನಿ ಐತಿ, ಗುರೆಳ್ಳು ಪುಡಿ ಐತಿ. ತಿಂಗಳಿಟ್ರೂ ಕೆಡೂದಿಲ್ಲ. ಅದರಾಗ ಏನ್ ಇಡ್ತೀರಿ, ಗಾಳಿ?" ಅಂದಳು ಹೆಂಡತಿ. ಪೂರಾ ತೆಗೆಯಲು ನಾನೂ ಒಪ್ಪಿದ್ದೆ, ಆದರೆ ಅಪ್ಪನ ಇನ್ಸುಲಿನ್ ಇತ್ತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಐಸ್ ಪೆಟ್ಟಿಗೆಯಲ್ಲಿಟ್ಟು ಮಂಜುಗಡ್ಡೆಗೆ ತಾಗಿ ಹೆಪ್ಪುಗಟ್ಟಿದರೆ ಕೆಟ್ಟಿತು. ಹಾಗಾಗಿ 18 ಲೀಟರಿನ, 11 ಕೆ.ಜಿ.ಯ ಚಿಕ್ಕ ಕಂಪ್ರೆಸರ್ ಫ್ರಿಜ್ ಬಂತು. ಅದರಲ್ಲಿ ಇನ್ಸುಲಿನ್, ಹಾಲು, ಮೊಸರು. ಕೊಂಕಣದಲ್ಲಿ ಕೊಂಡ ಮೀನು ಹಾಕಲು ನಮ್ಮಲ್ಲಿ ಅನುಮತಿ ಇಲ್ಲ.

ಬ್ಯಾಟರಿಯ ಅಳತೆ ಬಂದದ್ದೂ ಆ ಫ್ರಿಜ್ಜಿನಿಂದಲೇ. ಓಡುವಾಗ 45 ವ್ಯಾಟ್, ಗಂಟೆಯಲ್ಲಿ ಮೂರನೇ ಒಂದು ಹೊತ್ತು ಓಡುತ್ತದೆ ಅಂದರೆ ದಿನಕ್ಕೆ 360 ವ್ಯಾಟ್ ಅವರ್. ದೀಪ, ಮೊಬೈಲು ಸೇರಿ 420. ಲಿಥಿಯಂ ಐರನ್ ಫಾಸ್ಫೇಟ್ 100 ಎ.ಎಚ್. ಬ್ಯಾಟರಿಯಲ್ಲಿ 12.8 ವೋಲ್ಟ್ ಲೆಕ್ಕಕ್ಕೆ 1,280 ವ್ಯಾಟ್ ಅವರ್. ಗಾಡಿ ಚಾಲೂ ಮಾಡದೆ ಮೂರು ದಿನದ ಹತ್ತಿರ. ತೂಕ 12 ಕೆ.ಜಿ. ಇದಕ್ಕೆ ನೇರವಾಗಿ ಆಲ್ಟರ್ನೇಟರ್ ಜೋಡಿಸಬಾರದು, ನಡುವೆ ಈ ಬ್ಯಾಟರಿಗೆ ಬೇಕಾದ ಅಳತೆಯಲ್ಲಿ ಕರೆಂಟ್ ಕೊಡುವ 20 ಆಂಪಿಯರಿನ ಡಿಸಿ ಟು ಡಿಸಿ ಚಾರ್ಜರ್ ಇದೆ. ನಾಲ್ಕು ಗಂಟೆ ಓಡಿಸಿ ಹರಿಹರೇಶ್ವರ ಮುಟ್ಟುವಷ್ಟರಲ್ಲಿ 80 ಎ.ಎಚ್. ಸೇರಿರುತ್ತದೆ. 16 ಸ್ಕ್ವೇರ್ ವೈರು, ಅದರ ತುದಿಗೆ ಹಾಕುವ ಲಗ್ಗು, ಫ್ಯೂಸ್ ಹೋಲ್ಡರ್ ಎಲ್ಲ ತಾಪಕೀರ್ ಗಲ್ಲಿಯಲ್ಲಿ ಸಿಕ್ಕಿತು. ಫ್ಯೂಸು ಎರಡೂ ಬ್ಯಾಟರಿಗಳ ಬುಡದಲ್ಲೇ ಇರಬೇಕು. ಬುಡದಿಂದ ಫ್ಯೂಸಿನ ತನಕದ ವೈರು ಎಲ್ಲಾದರೂ ಉಜ್ಜಿ ಗಾಡಿಯ ಕಬ್ಬಿಣಕ್ಕೆ ತಾಗಿದರೆ ತಡೆಯುವವರಿಲ್ಲ.

ನೆರಳಿಗೆ ದುಬಾರಿ ಆನಿಂಗ್ ಬೇಡವಾಯಿತು. ಬೋಹರಿ ಆಳಿಯಿಂದ ತಂದ ತಾಡಪತ್ರಿ, ಎರಡು ಬಿದಿರಿನ ಕೋಲು. ಒಂದು ಬದಿಯ ಹಗ್ಗವನ್ನು ಗಾಡಿಯ ತಲೆ ಮೇಲಿಂದ ದಾಟಿಸಿ ಆಚೆ ಚಕ್ರಕ್ಕೆ ಕಟ್ಟಿದರೆ ಗಾಳಿಗೂ ಜಗ್ಗದು. ಕಟ್ಟಿದ್ದು ಮರೆತು ಗಾಡಿ ಹೊರಡಿಸಬಾರದು, ಅಷ್ಟೇ. ಒಮ್ಮೆ ಮರೆತೆ. ಕೋಲು ಎರಡು ತುಂಡಾಯಿತು, ಒಳಗೆ ಚಹಾ ಸೋಸುತ್ತಿದ್ದವಳ ಮಾತು ಇಲ್ಲಿ ಬೇಡ.

ಕೆಸರಿನ ಸಾಮಾನು ಮಾತ್ರ ಒಂದೂ ಕಡಿಮೆ ಮಾಡಲಿಲ್ಲ. ಎರೆ ಹೊಲದ ಊರಿನವನಿಗೆ ಕೆಸರಿನ ಭಯ ಹುಟ್ಟಿನಿಂದಲೇ ಬಂದಿದ್ದು. ಎರೆಮಣ್ಣು ಟೈರಿನ ಗೀರುಗಳಲ್ಲಿ ತುಂಬಿಕೊಂಡರೆ ಚಕ್ರ ಬೋಳಾಗಿ ಗಾಡಿ ಎಮ್ಮೆಯ ಹಾಗೆ ಕೂತುಬಿಡುತ್ತದೆ. ಅಲ್ಲಿ ಲಾಕ್ ಹಾಕಿ ರೇಸ್ ಕೊಟ್ಟರೆ ಇನ್ನೂ ಕೆಳಗೆ. ಮೊದಲು ಸಲಿಕೆ, ಊರಿನದೇ, ಹಿಡಿ ಗಿಡ್ಡ ಮಾಡಿಸಿದ್ದು. ಆಮೇಲೆ ಟೈರಿನ ಗಾಳಿ 18 ಪಿ.ಎಸ್.ಐ.ಗೆ ಇಳಿಸುವುದು. ಆಮೇಲೆ ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರು (ಫೋರ್ ಲೋ), ಹಿಂದಿನ ಲಾಕು. ಮುಂದಿನ ಲಾಕು ಕಟ್ಟಕಡೆಗೆ, ಅದು ಬಿದ್ದಾಗ ಸ್ಟಿಯರಿಂಗ್ ತಿರುಗುವುದೇ ಕಷ್ಟ. ಗಾಳಿ ಮತ್ತೆ ತುಂಬಲು ಕಂಪ್ರೆಸರನ್ನು ಬ್ಯಾಟರಿಗೇ ಕ್ಲಿಪ್ ಹಾಕುತ್ತೇನೆ, ಲೈಟರ್ ಸಾಕೆಟ್ಟಿನ ಫ್ಯೂಸ್ ತಡೆಯದು. ಎಳೆಯಲು ರಬ್ಬರಿನ ಹಾಗೆ ಹಿಗ್ಗುವ ನೈಲಾನಿನ ಕೈನೆಟಿಕ್ ಹಗ್ಗ, ಅದನ್ನು ಗಾಡಿಗೆ ಸಿಕ್ಕಿಸಲು 4.75 ಟನ್ ತಡೆಯುವ ಎರಡು ಶ್ಯಾಕಲ್ (ಕಬ್ಬಿಣದ ಕೊಂಡಿ). ಹಗ್ಗ ಹಿಗ್ಗಿ ಎಳೆಯುವಾಗ ಮಧ್ಯೆ ಒದ್ದೆ ಗೋಣಿಚೀಲ ಹೊದಿಸಿ, ಎಲ್ಲರನ್ನೂ ದೂರ ನಿಲ್ಲಿಸುತ್ತೇನೆ. ಹರಿದ ಹಗ್ಗ ಕಣ್ಣಿಗೆ ಕಾಣುವ ಮೊದಲೇ ಬಡಿದಿರುತ್ತದೆ. ಸಮುದ್ರದ ಮರಳಿಗೆ ಗಾಡಿ ಇಳಿಸುವುದಿಲ್ಲ. ಸಮುದ್ರದ ಭರತ (ಉಬ್ಬರ) ಕಾಯುವುದಿಲ್ಲ, ಕೊಂಕಣದ ವೇಳಾಸದಂಥ ಕಡೆ ಆಮೆಗಳು ಮೊಟ್ಟೆ ಇಡುವ ಜಾಗವದು.

ಸ್ನಾರ್ಕಲ್ ಇದೆಯೆಂದು ಹೊಳೆಗೆ ನುಗ್ಗುವವರೂ ಇದ್ದಾರೆ. ಅದು ಇಂಜಿನ್ನಿಗೆ ಗಾಳಿಯನ್ನು ಮೇಲಿನಿಂದ ಎಳೆದುಕೊಡುತ್ತದೆ, ಗಾಡಿಯನ್ನು ತೇಲಿಸುವುದಿಲ್ಲ. ನೀರು ಮೊಣಕಾಲು ದಾಟಿದರೆ ನಾನು ತಿರುಗಿ ಬರುತ್ತೇನೆ.

ಕಳೆದ ಫೆಬ್ರವರಿಯಲ್ಲಿ ಎಲ್ಲ ತುಂಬಿ ಮತ್ತೆ ಕಾಟಾ ಹತ್ತಿಸಿದೆ. 2,230. ಎರಡೂ ಚೀಟಿ ಡ್ಯಾಶ್‌ಬೋರ್ಡಿನಲ್ಲಿವೆ. ಅವತ್ತೇ ಸಾತಾರ, ಕೊಲ್ಹಾಪುರ, ಬೆಳಗಾವಿ ದಾಟಿ ಸವದತ್ತಿಗೆ ಹೋದೆವು, ಅಪ್ಪ ಮುಂದಿನ ಸೀಟಿನಲ್ಲಿ. ಗುಡ್ಡದ ಕೆಳಗೆ ಚಕ್ಕಡಿ ಬಿಡುವ ಬಯಲಿನ ಒಂದು ಮೂಲೆಯಲ್ಲಿ ತಾಡಪತ್ರಿ ಕಟ್ಟಿದೆವು. ಪಕ್ಕದ ಚಕ್ಕಡಿಯವರು ಬಂದು ಗಾಡಿಯ ಒಳಗೆ ಇಣುಕಿ, ಟೊಮೆಟೊ ಕ್ರೇಟು ನೋಡಿ, "ಕಾಯಿಪಲ್ಲೆ ಯಾಪಾರೇನ್ರಿ?" ಅಂದರು. ಅಪ್ಪ ಹೌದೆಂದರು.

ಎಡಗಡೆಯ ಎರಡನೇ ಕ್ರೇಟು ಅರವತ್ತರ ವೇಗ ದಾಟಿದರೆ ಈಗಲೂ ಕಿರ್ ಕಿರ್ ಅನ್ನುತ್ತದೆ. ಸೈಕಲ್ ಟ್ಯೂಬ್ ಕತ್ತರಿಸಿ ಕೆಳಗೆ ಹಾಸಿ ನೋಡಿದ್ದೇನೆ, ಹೋಗಿಲ್ಲ. ಕೀಲಿಗೆ ಎಣ್ಣೆ ಬಿಡು ಅನ್ನುತ್ತಾರೆ ಅಪ್ಪ. ಕ್ರೇಟಿಗೆ ಕೀಲು ಎಲ್ಲಿದೆ ಎಂದು ಹುಡುಕುತ್ತಿದ್ದೇನೆ.