ನಿಯಮ ಆಮೇಲೆ, ಭಾಗಾಕಾರ ಮೊದಲು

ಗದಗ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಒಂಬತ್ತನೇ ತರಗತಿಯ ‘ಛೇದವನ್ನು ಅಕರಣೀಕರಿಸಿ’ ಲೆಕ್ಕಗಳನ್ನು ಬಹಳ ವರ್ಷ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ: ಛೇದದಲ್ಲಿ ಕರಣಿ (√2, √3ರಂಥ ಸಂಖ್ಯೆ) ಇರಬಾರದು, ಮೇಲೂ ಕೆಳಗೂ ಗುಣಿಸಿ ತೆಗೆಯಿರಿ. ಒಮ್ಮೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. “ಸರ್, ಕೆಳಗ ಇದ್ರ ಏನಾಕ್ಕೈತ್ರಿ? ಮ್ಯಾಲ ಇದ್ರ ನಡೀತೈತಲ್ರಿ?” ನನ್ನಲ್ಲಿ ಉತ್ತರವಿರಲಿಲ್ಲ. “ಮಾರ್ಕ್ಸ್ ಹೋಕ್ಕಾವು, ಕುಂದ್ರು” ಅಂದುಬಿಟ್ಟೆ.

ಮರುವರ್ಷ ನಿಯಮ ಹೇಳಲೇ ಇಲ್ಲ. 1/√2 ಬರೆದು, √2ಕ್ಕೆ 1.414 ಹಿಡಿದು ಕೈಯಲ್ಲೇ ಭಾಗಿಸಲು ಹಚ್ಚಿದೆ. 1414ರ ಮಗ್ಗಿ ಯಾರಿಗೆ ಬರುತ್ತದೆ? ಹತ್ತು ನಿಮಿಷ ಒದ್ದಾಡಿದರು. ಆಮೇಲೆ √2/2 ಬರೆದೆ. 1.414ರ ಅರ್ಧ 0.707, ಬಾಯಲ್ಲೇ ಬಂತು. ಅರ್ಧ ರೊಟ್ಟಿಯೂ 2/4 ರೊಟ್ಟಿಯೂ ಒಂದೇ ಆದ ಹಾಗೆ ಇವೂ ಒಂದೇ ಎಂದು ಒಪ್ಪಿಸಲು ಕಷ್ಟವಾಗಲಿಲ್ಲ. ಒಂದು ಅಡಿಯ ಟೈಲ್ಸ್ ಮೇಲೆ ಮೂಲೆಯಿಂದ ಮೂಲೆಗೆ ದಾರ ಹಿಡಿಸಿದೆ. ಆ ದಾರ √2 ಅಡಿ, ನಡುವೆ ಮಡಚಿದರೆ √2/2. ಒಂದು ಅಡಿಯನ್ನು √2 ಪಾಲು ಮಾಡಿ ತೋರಿಸಿ ಅಂದರೆ ಮಾತ್ರ ಎಲ್ಲರೂ ನಕ್ಕರು. ಯಜ್ಞವೇದಿಗಳ ಅಳತೆ ಹೇಳುವ ಪ್ರಾಚೀನ ಶುಲ್ಬಸೂತ್ರಗಳು ಈ ಕರ್ಣವನ್ನು ‘ದ್ವಿಕರಣಿ’ ಎನ್ನುತ್ತವೆ. ಶುಲ್ಬ ಅಂದರೆ ಹಗ್ಗವೇ.

ಎರಡನೇ ದಿನ 1/(3+√2). ಅರ್ಧ ತರಗತಿ √2ರಿಂದಲೇ ಗುಣಿಸಿತು. ಛೇದದಲ್ಲಿ 3√2+2 ಕೂತಿತು. ಕೆಲವರು 3+√2ರಿಂದ ಗುಣಿಸಿದರು: 11+6√2. “ಹೋಗವಲ್ದ್ರಿ ಸರ್!” ನಾನು ಎರಡನ್ನೂ ಬೋರ್ಡಿನಿಂದ ಒರೆಸಲಿಲ್ಲ. ಪಕ್ಕದಲ್ಲಿ 103×97 ಬರೆದೆ. (100+3)(100−3), ಅಂದರೆ 10000−9 ಎಂದು ಒಬ್ಬ ಕೂಗಿದ, ಇನ್ನೊಬ್ಬಳಿಗೆ ಅಷ್ಟೇ ಸಾಕಾಯಿತು: 3−√2ರಿಂದ ಗುಣಿಸಿದರೆ ಕೆಳಗೆ 9−2, ಅಂದರೆ 7. ಭಾಜಕದ ಒಂದು ಕರಣಿಯ ಚಿಹ್ನೆ ಬದಲಿಸಿ ಭಾಜ್ಯ, ಭಾಜಕ ಎರಡನ್ನೂ ಗುಣಿಸು ಎಂದು 12ನೇ ಶತಮಾನದಲ್ಲೇ ಭಾಸ್ಕರಾಚಾರ್ಯರು ‘ಬೀಜಗಣಿತ’ದಲ್ಲಿ ಹೇಳಿದ್ದಾರೆ. ಅದನ್ನು ಹೇಳಿದ್ದು ಅವಳು ಕಂಡುಕೊಂಡ ಮೇಲೆ.

ನನಗೇ ಖುಷಿ ಕೊಟ್ಟದ್ದು 1/(√3−√2). ಒಂದು ಗುಂಪು ಹಾಗೇ ಭಾಗಿಸಿತು. ಇನ್ನೊಂದು ಅಕರಣೀಕರಿಸಿ √3+√2 ಮಾಡಿಕೊಂಡು ಕೂಡಿತು. 1.7, 1.4 ಹಿಡಿದಾಗ ಮೊದಲ ಗುಂಪಿಗೆ 3.33, ಎರಡನೆಯದಕ್ಕೆ 3.1. 1.73, 1.41 ಹಿಡಿದರೆ 3.125 ಮತ್ತು 3.14. ನಿಜವಾದ ಬೆಲೆ ಸುಮಾರು 3.146. ಹತ್ತಿರಹತ್ತಿರದ ಎರಡು ಸಂಖ್ಯೆ ಕಳೆದಾಗ ಉಳಿಯುವುದು ಚೂರು. ಅದರಲ್ಲಿನ ಸಣ್ಣ ತಪ್ಪು ಭಾಗಿಸುವಾಗ ದೊಡ್ಡದಾಗುತ್ತದೆ. ಕ್ಯಾಲ್ಕುಲೇಟರ್ ಇರುವಾಗ ಇದೆಲ್ಲ ಯಾಕೆ ಅನ್ನುವವರಿಗೆ ನಾನು ಇದೇ ಲೆಕ್ಕ ಕೊಡುತ್ತೇನೆ.

(6+√2)/2 ಕಂಡರೆ 6ನ್ನಷ್ಟೇ ಹೊಡೆದು 3+√2 ಬರೆಯುವ ಚಟಕ್ಕೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ. ಬೆಲೆ ಹಾಕಿ ನೋಡಿ, 3.707 ಎಲ್ಲಿ 4.414 ಎಲ್ಲಿ ಅನ್ನುತ್ತೇನೆ. ಅರ್ಧ ಮಂದಿ ನೋಡುತ್ತಾರೆ.

ಮೊದಲು ಪ್ರಶ್ನೆ ಕೇಳಿದ ಹುಡುಗಿ ಅಷ್ಟರಲ್ಲಿ ಹತ್ತನೇ ತರಗತಿಗೆ ಹೋಗಿದ್ದಳು. ಎತ್ತರದ ಲೆಕ್ಕವೊಂದರಲ್ಲಿ 30/√3 ಬಂದು ನಿಂತಾಗ ಕರೆದು ತೋರಿಸಿದೆ: 10√3, ಅಂದರೆ 17.32.

“ಇದನ್ನ ಹೋದ ವರ್ಷನ ಹೇಳಬೇಕಿತ್ತಲ್ರಿ ಸರ್” ಅಂದಳು.