ಶನಿವಾರ ಸಂಜೆ ಅವರದು, ಭಾನುವಾರ ಬೆಳಿಗ್ಗೆ ನನ್ನದು

ಮೊದಲ ಸಲ ಇವರ (ಈಗ ನನ್ನ ಗಂಡ) ಜೊತೆ ಕ್ಯಾಥೊಲಿಕ್ ಚರ್ಚಿಗೆ ಹೋದಾಗ ನನ್ನ ಬಣ್ಣ ಬಯಲಾದದ್ದು ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ. ಬೆಂಗಳೂರಿನಲ್ಲಿ ಒಂದು ಕನ್ನಡ ಪೂಜೆ (ಕ್ಯಾಥೊಲಿಕರು ಮಾಸ್‌ಗೆ ಹೇಳುವ ಹೆಸರು). ನಾನು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಶುರು ಮಾಡಿದೆ, ಸುತ್ತಲಿನವರು ‘ಸ್ವರ್ಗದಲ್ಲಿರುವ’ ಅಂದರು. ಅಷ್ಟನ್ನು ಗೊಣಗಿ ಮುಚ್ಚಿಕೊಂಡೆ. ಕೇಡಿನಿಂದ ಕಾಪಾಡು ಅನ್ನುವ ಸಾಲು ಮುಗಿದದ್ದೇ ಇಡೀ ಚರ್ಚು ಸುಮ್ಮನಾಯಿತು. ನಾನೊಬ್ಬಳು, ಬಾಯಿಪಾಠದ ರಭಸದಲ್ಲಿ, ‘ರಾಜ್ಯವೂ ಬಲವೂ ಮಹಿಮೆಯೂ’ ಅಂತ ಗಟ್ಟಿಯಾಗಿ ಮುಂದುವರಿಸಿಬಿಟ್ಟೆ. ಕ್ಯಾಥೊಲಿಕರಲ್ಲಿ ಆ ಜಾಗದಲ್ಲಿ ಫಾದರ್ ಒಬ್ಬರೇ ಒಂದು ಪ್ರಾರ್ಥನೆ ಹೇಳುತ್ತಾರೆ, ಆ ಸಾಲು ಬರುವುದು ಅದಾದ ಮೇಲೆ. ಮುಂದಿನ ಬೆಂಚಿನ ಅಜ್ಜಿ ಪೂರ್ತಿ ತಿರುಗಿ ನೋಡಿದರು. ಇವರು ನೆಲ ನೋಡುತ್ತಾ ನಗು ನುಂಗುತ್ತಿದ್ದರು.

ನಾನು ಪ್ರೊಟೆಸ್ಟಂಟ್, ಮಂಗಳೂರಿನ ಬಾಸೆಲ್ ಮಿಷನ್ ಮನೆಯವಳು. 1834ರಲ್ಲಿ ಅಲ್ಲಿಗೆ ಬಂದ ಮಿಷನರಿಗಳು ಕಟ್ಟಿದ ಸಭೆ ನಮ್ಮದು. ಮುತ್ತಜ್ಜ ಮಿಷನ್ನಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಬೋರ್ಡಿನಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅಂತ ಇದ್ದರೂ ಊರಿನವರ ಬಾಯಲ್ಲಿ ನಾವು ಇವತ್ತಿಗೂ ಬಾಸೆಲ್ ಮಿಷನ್ನಿನವರೇ. ಇವರು ಬಂಟ್ವಾಳ ಕಡೆಯ ಕೊಂಕಣಿ ಕ್ಯಾಥೊಲಿಕರು. ನಮ್ಮ ವಿಷಯ ಗೊತ್ತಾದಾಗ ಆಫೀಸಿನ ಗೆಳತಿಯರು ಕೇಳಿದ್ದು ಒಂದೇ: “ಇಬ್ಬರೂ ಕ್ರಿಶ್ಚಿಯನ್ನರೇ ಅಲ್ವಾ, ಮತ್ತೇನು ಕಷ್ಟ?” ನನ್ನ ಅಮ್ಮನನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು. ಅಮ್ಮನ ಕಣ್ಣಿಗೆ ಮೊದಲು ಬಿದ್ದದ್ದು ನಮ್ಮಲ್ಲಿ ಇಲ್ಲದ ಮಾತೆ ಮರಿಯಮ್ಮನ ಪ್ರತಿಮೆ. ಅತ್ತೆಯ ಚಿಂತೆ ಬೇರೆ: ಈ ಹುಡುಗಿಗೆ ಜಪಮಾಲೆ ಹಿಡಿಯಲು ಬರುತ್ತದಾ?

ನಾವು ಮಾಡಿದ ತಪ್ಪು ಏನೆಂದರೆ, ಸುಮಾರು ಒಂದು ವರ್ಷ ‘ಯಾವ ಚರ್ಚು’ ಅಂತ ಒಂದೇ ಪ್ರಶ್ನೆ ಇಟ್ಟುಕೊಂಡು ಜಗಳವಾಡಿದ್ದು. ಎಂ.ಜಿ. ರಸ್ತೆಯ ಕಾಫಿಯಿಂದ ಶುರುವಾದ ಮಾತು ಬಸ್‌ಸ್ಟಾಪಿಗೆ ಬರುವಷ್ಟರಲ್ಲಿ ಅವರ ಪೋಪ್ ಮತ್ತು ಪ್ರೊಟೆಸ್ಟಂಟರ ಲೂಥರ್ ತನಕ ಹೋಗುತ್ತಿತ್ತು. ಕೊನೆಗೆ ನಮ್ಮ ಸಭೆಯ ನಿವೃತ್ತ ಪಾಸ್ಟರ್ ಒಬ್ಬರು ಹೇಳಿದರು: “ಮದುವೆ ಎಲ್ಲಿ ಅನ್ನುವುದು ಒಂದು ದಿನದ ಮಾತು. ಮಕ್ಕಳದ್ದು ಬೇರೆ. ಭಾನುವಾರ ಎಲ್ಲಿ ಕೂತುಕೊಳ್ಳುತ್ತೀರಿ ಅನ್ನುವುದು ಇನ್ನೂ ಬೇರೆ. ಎಲ್ಲವನ್ನೂ ಒಂದೇ ಗಂಟು ಕಟ್ಟಿದರೆ ಬಿಚ್ಚಲಿಕ್ಕೆ ಆಗುವುದಿಲ್ಲ ಮಗಾ.” ಅಲ್ಲಿಂದ ದಾರಿ ಕಾಣಿಸಿತು.

ಮೊದಲು ಮದುವೆ. ಬೆಂಗಳೂರಿನಲ್ಲಿ ನಾವು ವಿಚಾರಿಸಲು ಹೋದ ಒಂದು ಚರ್ಚಿನ ಆಫೀಸಿನಲ್ಲಿ ಕೂತಿದ್ದವರು ತಲೆ ಎತ್ತದೆ “ಹುಡುಗಿ ಮೊದಲು ಕ್ಯಾಥೊಲಿಕ್ ಆಗಬೇಕು” ಅಂದುಬಿಟ್ಟರು. ನಾನು ಅಲ್ಲಿಂದ ಅಳುತ್ತಾ ಹೊರಟೆ. ಆ ಮಾತು ತಪ್ಪು. ಇದು ಗೊತ್ತಿಲ್ಲದೆ ಎಷ್ಟೋ ಜೋಡಿಗಳು ಅಲ್ಲೇ ಮುರಿದುಬೀಳುತ್ತವೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. 1983ರ ಕ್ಯಾಥೊಲಿಕ್ ಧರ್ಮಸಂಹಿತೆಯ ಪ್ರಕಾರ, ಬೇರೆ ಸಭೆಯಲ್ಲಿ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆದವರನ್ನು ಕ್ಯಾಥೊಲಿಕರು ಮದುವೆಯಾಗಲು ಬಿಷಪರ ಅನುಮತಿ ಬೇಕು, ಅಷ್ಟೇ. ಮತಾಂತರ ಬೇಕಿಲ್ಲ. ನೀರಿನಿಂದ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಆದ ದೀಕ್ಷಾಸ್ನಾನವನ್ನು ಅವರು ಒಪ್ಪುತ್ತಾರೆ. ಎರಡನೇ ಸಲ ಮಾಡುವುದಿಲ್ಲ. ಇಬ್ಬರೂ ದೀಕ್ಷಾಸ್ನಾನ ಆದವರಾದರೆ ಆ ಮದುವೆ ಅವರ ಲೆಕ್ಕದಲ್ಲಿ ಪೂರ್ಣ ಸಂಸ್ಕಾರವೇ. ಒಬ್ಬರು ಹಿಂದೂ ಅಥವಾ ಮುಸ್ಲಿಂ ಆಗಿದ್ದರೆ ಮಾತ್ರ ಬೇರೆ ರೀತಿಯ ವಿನಾಯಿತಿ ಬೇಕಾಗುತ್ತದೆ. (ನನ್ನ ಸಹೋದ್ಯೋಗಿ, ಲಿಂಗಾಯತರ ಹುಡುಗಿ, ಇದೇ ದಾರಿಯಲ್ಲಿ ಹೋದಳು. 1872ರ ಕ್ರಿಶ್ಚಿಯನ್ ಮದುವೆ ಕಾಯ್ದೆಗೆ ಜೋಡಿಯಲ್ಲಿ ಒಬ್ಬರು ಕ್ರೈಸ್ತರಾಗಿದ್ದರೆ ಸಾಕು. ಚರ್ಚೇ ಬೇಡ ಅನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಉಂಟು, 30 ದಿನದ ನೋಟಿಸು ಹಾಕಿ ಕಾಯಬೇಕು.)

ಇದನ್ನೆಲ್ಲ ನಮಗೆ ತಾಳ್ಮೆಯಿಂದ ಹೇಳಿದವರು ಇವರ ಊರಿನ ವಿಗಾರ್ (ಚರ್ಚಿನ ಮುಖ್ಯ ಗುರು) ಫಾದರ್. ನನ್ನ ದೀಕ್ಷಾಸ್ನಾನದ ಸರ್ಟಿಫಿಕೇಟ್ ತರಲು ಹೇಳಿದರು. ನಮ್ಮ ಚರ್ಚಿನ ಹಳೆಯ ರಿಜಿಸ್ಟರನ್ನು ಪಾಸ್ಟರ್ ಎರಡೂ ಕೈಯಲ್ಲಿ ಹೊತ್ತು ತಂದು ಮೇಜಿನ ಮೇಲಿಟ್ಟರು. ಗೆದ್ದಲು ತಿಂದ ಅಂಚು, ನೀಲಿ ಶಾಯಿ, ಅಪ್ಪನ ಹೆಸರಿನ ಮುಂದೆ ಉದ್ಯೋಗ, ಕೆಳಗೆ ನನಗೆ ನೀರು ಹಾಕಿದ ಪಾಸ್ಟರ ಸಹಿ. ಮೂವತ್ತು ವರ್ಷ ಆ ಪುಟ ಒಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಇವರ ಕಡೆ ಇನ್ನೂ ಚೊಕ್ಕ ವ್ಯವಸ್ಥೆ. ಮದುವೆ ಆದ ಮೇಲೆ ಆ ವಿವರವನ್ನು ಅವರ ದೀಕ್ಷಾಸ್ನಾನದ ದಾಖಲೆಯ ಬದಿಗೆ ಬರೆಯುತ್ತಾರೆ. ಹಾಗಾಗಿ ಹೊಸದಾಗಿ ತೆಗೆಸಿದ ಸರ್ಟಿಫಿಕೇಟೇ ಬೇಕು ಅನ್ನುತ್ತಾರೆ, ಈಗಾಗಲೇ ಮದುವೆಯಾದವನು ಅವಿವಾಹಿತ ಅಂತ ಹೇಳಿಕೊಂಡು ಬಂದರೆ ಅಲ್ಲೇ ಸಿಕ್ಕಿಬೀಳುತ್ತಾನೆ.

ಅನುಮತಿಯ ಜೊತೆಗೆ ಒಂದು ವಾಗ್ದಾನ ಬರುತ್ತದೆ. ನಿದ್ದೆ ಕೆಡಿಸಿದ್ದು ಇದೇ. ಕ್ಯಾಥೊಲಿಕ್ ಕಡೆಯವರು ‘ಮಕ್ಕಳಿಗೆ ಕ್ಯಾಥೊಲಿಕ್ ಸಭೆಯಲ್ಲಿ ದೀಕ್ಷಾಸ್ನಾನ ಕೊಡಿಸಿ ಬೆಳೆಸಲು ನನ್ನ ಕೈಲಾದದ್ದೆಲ್ಲ ಮಾಡುತ್ತೇನೆ’ ಅಂತ ಮಾತು ಕೊಡಬೇಕು. ನಾನು ಏನೂ ಮಾತು ಕೊಡಬೇಕಿಲ್ಲ. ಇವರು ಇಂಥ ಮಾತು ಕೊಟ್ಟಿದ್ದಾರೆ ಅಂತ ನನಗೆ ತಿಳಿಸಿರಬೇಕು, ಅಷ್ಟೆ. ಮೊದಲು ಹೀಗಿರಲಿಲ್ಲ. ನಮ್ಮ ದೊಡ್ಡಜ್ಜಿಯೊಬ್ಬರು 1961ರಲ್ಲಿ ಕ್ಯಾಥೊಲಿಕರನ್ನು ಮದುವೆಯಾದಾಗ ಅವರಿಂದಲೂ ಬರೆಸಿಕೊಂಡಿದ್ದರು. ಮದುವೆಯೂ ಚರ್ಚಿನ ಒಳಗಲ್ಲ, ಫಾದರ್ ಬಟ್ಟೆ ಹಾಕಿಕೊಳ್ಳುವ ಕೋಣೆಯಲ್ಲಿ, ಪೂಜೆ ಇಲ್ಲದೆ. ಆಗಿನ ನಿಯಮವೇ ಹಾಗಿತ್ತು. 1970ರಲ್ಲಿ ಆರನೇ ಪೌಲ್ ಪೋಪರು ಸಡಿಲಿಸಿದ ಮೇಲೆ ಈಗಿನ ರೂಪ ಬಂದದ್ದು. ದೊಡ್ಡಜ್ಜಿ ಆ ಕೋಣೆಯ ಮಾತನ್ನು ಸಾಯುವ ತನಕ ಎತ್ತುತ್ತಿದ್ದರು.

“ಕೈಲಾದದ್ದು ಅಂದರೆ ಎಷ್ಟು?” ಅಂತ ನಾನು ಫಾದರನ್ನು ಕೇಳಿದೆ. ಅವರು ನಕ್ಕು, “ಮನೆ ಮುರಿಯುವಷ್ಟು ಅಲ್ಲ” ಅಂದರು. ನನಗೆ ಆ ಉತ್ತರ ಸಾಕಾಯಿತು.

ಮದುವೆ ಸಿಎಸ್‌ಐ ಚರ್ಚಿನಲ್ಲೇ ಆಗುವ ದಾರಿಯೂ ಇತ್ತು. ತಕ್ಕ ಕಾರಣ ಕೊಟ್ಟು ಬೇಡಿಕೊಂಡರೆ ಬಿಷಪರು ಕ್ಯಾಥೊಲಿಕ್ ವಿಧಿಯಿಂದಲೇ ವಿನಾಯಿತಿ ಕೊಡಬಹುದು. ಆಗ ನಮ್ಮ ಪಾಸ್ಟರ್ ಮಾಡಿಸಿದ ಮದುವೆಯನ್ನೂ ಅವರು ಮಾನ್ಯ ಮಾಡುತ್ತಾರೆ. ಒಂದು ಮಾತ್ರ ಆಗದು: ಬೆಳಿಗ್ಗೆ ಅಲ್ಲೊಂದು, ಸಂಜೆ ಇಲ್ಲೊಂದು ಅಂತ ಎರಡು ಸಲ ಒಪ್ಪಿಗೆ ಹೇಳುವುದು. ಅದನ್ನು ಅವರ ನಿಯಮ ನೇರವಾಗಿ ತಡೆಯುತ್ತದೆ. ನನ್ನ ಅಪ್ಪನ ಆಸೆ ಇದ್ದದ್ದು ಅದೇ, ಪಾಪ. ಇವರ ಅಜ್ಜಿಗೆ ಎಂಬತ್ತೆಂಟು, ಊರಿನ ಇಗರ್ಜಿ (ಚರ್ಚು) ಬಿಟ್ಟು ಬೇರೆಲ್ಲೂ ಬರಲಾಗದವರು. ಅವರಿಗಾಗಿ ನಾನೇ ಬಿಟ್ಟುಕೊಟ್ಟೆ. ಬದಲಿಗೆ ಎರಡು ಕೇಳಿ ಪಡೆದೆ. ಒಂದು, ನಮ್ಮ ಪಾಸ್ಟರ್ ಬಂದು ವೇದಪಾಠ ಓದಿ ಆಶೀರ್ವಾದದ ಪ್ರಾರ್ಥನೆ ಮಾಡಬೇಕು. ಒಪ್ಪಿಗೆ ಕೇಳುವುದು ಫಾದರ್ ಒಬ್ಬರೇ. ಉಳಿದದ್ದಕ್ಕೆ ಅಡ್ಡಿ ಇಲ್ಲ ಅಂದರು. ಎರಡು, ಪೂಜೆ ಬೇಡ, ವಾಕ್ಯದ ಆರಾಧನೆಯೊಳಗೆ (ಬೈಬಲ್ ಓದು, ಪ್ರಾರ್ಥನೆ ಮಾತ್ರ) ಮದುವೆ ಆಗಲಿ. ಪೂಜೆ ಇಟ್ಟರೆ ಪರಮಪ್ರಸಾದದ (ಪವಿತ್ರ ರೊಟ್ಟಿ ಕೊಡುವ) ಹೊತ್ತಿಗೆ ಗಂಡಿನ ಕಡೆಯವರೆಲ್ಲ ಸಾಲು ನಿಂತು, ಹೆಣ್ಣಿನ ಕಡೆಯವರು ಬೆಂಚಿನಲ್ಲೇ ಉಳಿಯುತ್ತಾರೆ. ಮದುವೆಯ ದಿನವೇ ಎರಡು ಗುಂಪು ಯಾರಿಗೆ ಬೇಕು? ಇಂಥ ಮದುವೆಗೆ ಪೂಜೆಯಿಲ್ಲದ ವಿಧಿಯೇ ಅವರ ಪುಸ್ತಕದಲ್ಲೂ ಉಂಟು. ಆದರೆ ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಅತ್ತೆಗೆ ಮಾತ್ರ ‘ಮದುವೆಗೆ ಮಿಸ್ (ಪೂಜೆ) ಇಲ್ಲ’ ಅನ್ನುವುದು ಊಟಕ್ಕೆ ಅನ್ನ ಇಲ್ಲ ಅಂದ ಹಾಗೆ ಆಯಿತು. ಮರುದಿನ ಅವರೊಬ್ಬರೇ ಹೋಗಿ ನಮ್ಮ ಹೆಸರಿನಲ್ಲಿ ಒಂದು ಪೂಜೆ ಮಾಡಿಸಿ ಬಂದರು.

ನಮ್ಮ ಸಭೆಯಲ್ಲೂ ಎಲ್ಲರೂ ಹೂ ಹಾಕಲಿಲ್ಲ. ಒಬ್ಬ ಹಿರಿಯರು, “ಮತ್ತೆ ನಿನ್ನ ಹೆಸರು ರಿಜಿಸ್ಟರಿನಲ್ಲಿ ಉಳಿಯುತ್ತದಾ?” ಅಂತ ಚರ್ಚಿನ ಗೇಟಿನಲ್ಲೇ ಕೇಳಿದರು. ಉಳಿದಿದೆ. ನಾನು ವಂತಿಗೆ ಕಟ್ಟುವುದನ್ನು ಒಂದು ತಿಂಗಳೂ ತಪ್ಪಿಸಿಲ್ಲ.

ಮಗಳು ಹುಟ್ಟಿದ್ದು 2013ರಲ್ಲಿ. ಅವಳ ದೀಕ್ಷಾಸ್ನಾನ ಕ್ಯಾಥೊಲಿಕ್ ಚರ್ಚಿನಲ್ಲಿ ಆಯಿತು. ಇವರ ತಂಗಿ ಧರ್ಮತಾಯಿ. ನನ್ನ ತಮ್ಮನಿಗೆ ಧರ್ಮತಂದೆಯಾಗಲು ಬರುವುದಿಲ್ಲ. ಆದರೆ ಕ್ಯಾಥೊಲಿಕ್ ಒಬ್ಬರು ಪಕ್ಕದಲ್ಲಿದ್ದರೆ ಬೇರೆ ಸಭೆಯ ಕ್ರೈಸ್ತ ‘ಸಾಕ್ಷಿ’ಯಾಗಿ ನಿಲ್ಲಬಹುದು. ಅವನು ಮೊಂಬತ್ತಿ ಹಿಡಿದು ನಿಂತ ಫೋಟೊ ಅಮ್ಮನ ಮನೆಯ ಗೋಡೆಯಲ್ಲಿದೆ.

ಭಾನುವಾರದ ಲೆಕ್ಕ ಸರಿಹೋಗಲು ನಾಲ್ಕು ವರ್ಷ ಬೇಕಾಯಿತು. ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ ಅಂತ ಶುರು ಮಾಡಿದೆವು. ಆದರೆ ಕ್ಯಾಥೊಲಿಕರಿಗೆ ಭಾನುವಾರದ ಪೂಜೆ ತಪ್ಪಿಸುವ ಹಾಗಿಲ್ಲ. ನಮ್ಮಲ್ಲಿಗೆ ಬಂದ ವಾರ ಇವರು ಬೆಳಿಗ್ಗೆ ಆರಕ್ಕೇ ಎದ್ದು ಅಲ್ಲಿಗೂ ಹೋಗಿ, ಮತ್ತೆ ನಮ್ಮ ಆರಾಧನೆಯಲ್ಲಿ ಪಾಸ್ಟರ ಪ್ರಸಂಗದ (ಉಪದೇಶದ) ನಡುವೆ ತೂಕಡಿಸುತ್ತಿದ್ದರು. ನಮ್ಮ ಪ್ರಸಂಗ ಉದ್ದ, ಒಪ್ಪುತ್ತೇನೆ. ಪರಿಹಾರ ಎದುರಿಗೇ ಇತ್ತು: ಶನಿವಾರ ಸಂಜೆಯ ಪೂಜೆ ಅವರಲ್ಲಿ ಭಾನುವಾರದ ಲೆಕ್ಕಕ್ಕೇ ಸೇರುತ್ತದೆ. ಈಗ ಶನಿವಾರ ಸಂಜೆ ಮೂವರೂ ಅಲ್ಲಿ, ಭಾನುವಾರ ಬೆಳಿಗ್ಗೆ ಮೂವರೂ ಸಿಎಸ್‌ಐಯಲ್ಲಿ. ದೇವರು ಹೆಚ್ಚಾಯಿತು ಅಂತ ನನ್ನ ತಮ್ಮ ತಮಾಷೆ ಮಾಡುತ್ತಾನೆ. ಹಬ್ಬದ ದಿನಗಳಲ್ಲಿ ನನಗೂ ಹಾಗೇ ಅನ್ನಿಸುವುದುಂಟು.

ಹಬ್ಬ ಅಂದಾಗ ಮಾವನ ಮಾತು ಬರಬೇಕು. ನಮ್ಮ ಮದುವೆಯಾಗಿ ಮೂರು ವರ್ಷವಾದರೂ ಮಾವ ನಮ್ಮ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮರಿಯಮ್ಮನ ಹುಟ್ಟುಹಬ್ಬ, ಹೊಸ ಬೆಳೆಯ ಹಬ್ಬ) ನಾನು ಪ್ರತಿ ವರ್ಷ ಊರಿಗೆ ಹೋಗುತ್ತೇನೆ. ಆ ದಿನ ಮಾಂಸ ಇಲ್ಲ, ಪಲ್ಯಗಳು ಬೆಸಸಂಖ್ಯೆಯಲ್ಲೇ ಇರಬೇಕು, ಇಗರ್ಜಿಯಿಂದ ತಂದ ತೆನೆಯ ಅಕ್ಕಿಯನ್ನು ಹಾಲಿಗೆ ಹಾಕಿ ಮಾವ ಎಲ್ಲರಿಗೂ ಕೊಡುತ್ತಾರೆ. ಮಾತೆಗೆ ಹೂ ಹಾಕುವಾಗ ನಾನು ಹಿಂದೆ ನಿಲ್ಲುತ್ತೇನೆ, ಹೊಸ ಅಕ್ಕಿಗೆ ಮುಂದೆ ಬರುತ್ತೇನೆ. ಒಂದು ವರ್ಷ ಮಾವನನ್ನು ನಮ್ಮ ಬೆಳೆ ಹಬ್ಬಕ್ಕೆ ಕರೆದೆ. “ನಮ್ಮಲ್ಲೂ ಫಸಲೇ ತರುವುದು, ಬಂದು ನೋಡಿ” ಅಂದೆ. ಆರಾಧನೆ ಮುಗಿದು ಅಂಗಳದಲ್ಲಿ ಏಲಂ ಶುರುವಾಯಿತು: ತೆಂಗಿನಕಾಯಿ, ಬಾಳೆಗೊನೆ, ಸುವರ್ಣಗಡ್ಡೆ, ಕಾಲು ಕಟ್ಟಿದ ಹುಂಜ. ಸುಮ್ಮನೆ ನಿಂತಿದ್ದ ಮಾವ ಹುಂಜಕ್ಕೆ ಕೈ ಎತ್ತಿದರು. ಎದುರು ಕೂಗಿದವರು ನನ್ನ ಅಪ್ಪ. ಇಬ್ಬರೂ ಬಿಡಲಿಲ್ಲ. ಆಗ ಪೇಟೆಯಲ್ಲಿ ಮುನ್ನೂರಕ್ಕೆ ಸಿಗುತ್ತಿದ್ದ ಹುಂಜ ಎರಡು ಸಾವಿರದ ನೂರಕ್ಕೆ ಮಾವನ ಪಾಲಾಯಿತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಅವರು ಪಾಸ್ಟರ ಹತ್ತಿರ ಹೋಗಿ, “ಮುಂದಿನ ವರ್ಷ ಯಾವ ತಾರೀಕು?” ಅಂತ ಕೇಳಿದರು. ನಾನು ಮೂರು ವರ್ಷ ಬೈಬಲ್ ಹಿಡಿದು ವಾದಿಸಿ ಸಾಧಿಸದ್ದನ್ನು ಆ ಹುಂಜ ಸಾಧಿಸಿತು.

ಬಗೆಹರಿಯದ್ದು ಒಂದು ಉಳಿದಿದೆ: ಕರ್ತನ ಭೋಜನ, ಅವರ ಮಾತಿನಲ್ಲಿ ಪರಮಪ್ರಸಾದ. ನಮ್ಮಲ್ಲಿ ಇವರನ್ನು ಕರೆಯುತ್ತಾರೆ. ಬರಲು ಇವರ ಸಭೆ ಬಿಡುವುದಿಲ್ಲ. ಅವರಲ್ಲಿ ನನಗೆ ಕೊಡುವುದಿಲ್ಲ. 2015ರ ನವೆಂಬರಿನಲ್ಲಿ ರೋಮಿನ ಲುಥೆರನ್ ಚರ್ಚಿಗೆ ಹೋಗಿದ್ದ ಪೋಪ್ ಫ್ರಾನ್ಸಿಸರನ್ನು, ಕ್ಯಾಥೊಲಿಕ್ ಗಂಡನಿರುವ ಒಬ್ಬ ಮಹಿಳೆ ಇದನ್ನೇ ಕೇಳಿದರು. ಪೋಪರು ಸುತ್ತಿ ಬಳಸಿ ಮಾತಾಡಿ, ಇಬ್ಬರದ್ದೂ ಒಂದೇ ದೀಕ್ಷಾಸ್ನಾನ ಅಂದು, ದೇವರೊಡನೆ ಮಾತಾಡಿ ಮುಂದೆ ನಡೆಯಿರಿ ಎಂಬರ್ಥದಲ್ಲಿ ಮುಗಿಸಿದರು. ಇವರ ಅಣ್ಣ ಆ ವಿಡಿಯೊ ಕಳಿಸಿ, “ನೋಡು, ಇನ್ನು ಬಾ” ಅಂದರು. ನಾನು ಹೋಗಿಲ್ಲ. ನಿಯಮ ಬದಲಾಗಿಲ್ಲ, ಕದ್ದು ತಿನ್ನುವ ಹಾಗೆ ಕೈ ಚಾಚುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಯಾರಿಗೂ ತಿಳಿಯುವುದಿಲ್ಲ ಅಂತ ಹೋಗುವ ಗೆಳತಿಯರು ಇದ್ದಾರೆ, ಅವರನ್ನು ತಪ್ಪು ಅನ್ನುವುದಿಲ್ಲ.

ಹಾಗಾಗಿ ಅವರಲ್ಲಿ ಸಾಲು ಶುರುವಾದಾಗ ಇವರ ಮೊಬೈಲು, ಗಾಡಿ ಕೀ ನನ್ನ ಮಡಿಲಿಗೆ ಬರುತ್ತವೆ. ನಮ್ಮಲ್ಲಿ ನಾನು ಎದ್ದು ಹೋಗುವಾಗ ನನ್ನ ಬ್ಯಾಗು ಇವರ ಮಡಿಲಲ್ಲಿ. ಹತ್ತು ವರ್ಷದಿಂದ ಹೀಗೇ. 2022ರಲ್ಲಿ ಮಗಳ ಮೊದಲ ಪರಮಪ್ರಸಾದ ಆಯಿತು. ಬಿಳಿ ಫ್ರಾಕು, ತಲೆಗೆ ಹೂವಿನ ಕಿರೀಟ. ಮರುವಾರ ಎಂದಿನ ಶನಿವಾರದ ಪೂಜೆಯಲ್ಲಿ ಅವಳೂ ಅಪ್ಪನ ಹಿಂದೆ ಎದ್ದಳು. ಎರಡು ಹೆಜ್ಜೆ ಹೋದವಳು ವಾಪಸು ಬಂದು, ಕೊರಳಿಗೆ ಹಾಕಿಕೊಂಡಿದ್ದ ಪುಟ್ಟ ಪರ್ಸನ್ನು ತೆಗೆದು ನನ್ನ ಕೈಗಿಟ್ಟಳು. “ಅಮ್ಮ, ಇದನ್ನೂ ಹಿಡ್ಕೊ.”