ಶಾಲಾ ಟೂರು, ಸಮ್ಮರ್ ಕ್ಯಾಂಪ್ ನಡೆಸುತ್ತೀರಾ? ಪೋಷಕರ ಸಹಿಯನ್ನು ನಂಬಿ ಕೂರಬೇಡಿ

ಡಿಸೆಂಬರ್ ಬಂದರೆ ಶಾಲಾ ಟೂರು, ಏಪ್ರಿಲ್ ಬಂದರೆ ಸಮ್ಮರ್ ಕ್ಯಾಂಪ್. ಎರಡಕ್ಕೂ ಮುಂಚೆ ಮಕ್ಕಳ ಬ್ಯಾಗಿನಲ್ಲಿ ಒಂದು ಒಪ್ಪಿಗೆ ಪತ್ರ ಮನೆಗೆ ಹೋಗುತ್ತದೆ. ಕೊನೆಯ ಸಾಲು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ: ‘ಯಾವುದೇ ಅನಾಹುತ ಸಂಭವಿಸಿದಲ್ಲಿ ಶಾಲೆಯು ಜವಾಬ್ದಾರಿಯಲ್ಲ.’ ಅಪ್ಪನೋ ಅಮ್ಮನೋ ಬೆಳಗಿನ ಗಡಿಬಿಡಿಯಲ್ಲಿ ಸಹಿ ಹಾಕಿ ಕಳಿಸುತ್ತಾರೆ. ಪತ್ರ ಫೈಲು ಸೇರುತ್ತದೆ. ಸಂಘಟಕರಿಗೆ ಸಮಾಧಾನ.

ಆ ಸಮಾಧಾನಕ್ಕೆ ಅರ್ಥವಿಲ್ಲ. ನಿರ್ಲಕ್ಷ್ಯದಿಂದ ಮಗು ಸತ್ತರೆ ಅದು ಕ್ರಿಮಿನಲ್ ಕೇಸು, ಅದನ್ನು ನಡೆಸುವುದು ಸರ್ಕಾರ. ಪೋಷಕರು ಮೊದಲೇ ಬರೆದುಕೊಟ್ಟಿದ್ದಾರೆ ಅಂತ ಅದು ನಿಲ್ಲುವುದಿಲ್ಲ. ಹಳೆಯ ಐಪಿಸಿಯಲ್ಲಿ ಇದಕ್ಕೆ ಗರಿಷ್ಠ 2 ವರ್ಷ ಜೈಲಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್‌ನಲ್ಲಿ ಅದು 5 ವರ್ಷದವರೆಗೆ ಏರಿದೆ. ಪರಿಹಾರದ ಕೇಸಿನಲ್ಲೂ ಆ ಒಂದು ಸಾಲನ್ನು ಹಿಡಿದುಕೊಂಡು ಬಚಾವಾಗುತ್ತೇನೆ ಅಂತ ಲೆಕ್ಕ ಹಾಕಬೇಡಿ. ಕೋರ್ಟು ಕೇಳುವುದೇ ಬೇರೆ. ಏನಾಗಬಹುದು ಅಂತ ಮೊದಲೇ ಯೋಚಿಸಿದ್ದಿರಾ? ತಡೆಯಲು ಏನು ಮಾಡಿದಿರಿ? ಆದ ಮೇಲೆ ಎಷ್ಟು ಬೇಗ ಓಡಿದಿರಿ?

ಹಾಗಂತ ಪತ್ರವೇ ಬೇಡ ಅಂತಲ್ಲ, ಅದನ್ನು ಕೆಲಸಕ್ಕೆ ಬರುವ ಹಾಗೆ ಮಾಡಿ. ಎಲ್ಲಿಗೆ ಹೋಗುತ್ತೀರಿ, ಅಲ್ಲಿ ನೀರಿದೆಯೇ, ಮಕ್ಕಳನ್ನು ಇಳಿಸುತ್ತೀರಾ ಇಲ್ಲವಾ, ರಾತ್ರಿ ಎಲ್ಲಿ ತಂಗುತ್ತಾರೆ, ಇದೆಲ್ಲ ಅದರಲ್ಲಿ ಸ್ಪಷ್ಟವಾಗಿರಲಿ. ಆಸ್ತಮಾ, ಫಿಟ್ಸ್, ಕಡಲೆಕಾಯಿ ಅಲರ್ಜಿ, ದಿನಾ ತೆಗೆದುಕೊಳ್ಳುವ ಮಾತ್ರೆ, ಎರಡು ಫೋನ್ ನಂಬರ್, ತುರ್ತು ಚಿಕಿತ್ಸೆಗೆ ಒಪ್ಪಿಗೆ ಬರೆಸಿಕೊಳ್ಳಿ. ಆ ಹಾಳೆಗಳು ಆಫೀಸಿನ ಬೀರುವಿನಲ್ಲಿದ್ದರೆ ಪ್ರಯೋಜನವಿಲ್ಲ, ಮಕ್ಕಳ ಜೊತೆ ಬಸ್ಸಿನಲ್ಲಿರಬೇಕು.

ಈಗ ನೀರಿನ ವಿಷಯ. ಬಾಕಿ ಎಲ್ಲಕ್ಕಿಂತ ಇದಕ್ಕೇ ಜಾಸ್ತಿ ಸಮಯ ಕೊಡಿ ಅನ್ನುತ್ತೇನೆ. 1995ರಲ್ಲಿ ಪಂಜಾಬಿನ ಶಾಲೆಯೊಂದರ 14 ಮಕ್ಕಳು ಪಿಕ್ನಿಕ್‌ಗೆ ಹೋದವರು ಬಿಯಾಸ್ ನದಿಯಲ್ಲಿ ಮುಳುಗಿ ಸತ್ತರು. ಜೊತೆಗಿದ್ದ ಶಿಕ್ಷಕರ ತಪ್ಪಿಗೆ ಶಾಲೆಯೂ ಹೊಣೆ ಅಂತ ತೀರ್ಮಾನವಾಯಿತು, ಪ್ರತಿ ಮಗುವಿಗೆ 5 ಲಕ್ಷ ಪರಿಹಾರವನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2024ರ ಜನವರಿಯಲ್ಲಿ ವಡೋದರದ ಹರಣಿ ಕೆರೆಯಲ್ಲಿ ದೋಣಿ ಮಗುಚಿ 12 ವಿದ್ಯಾರ್ಥಿಗಳು, ಇಬ್ಬರು ಶಿಕ್ಷಕರು ಹೋದರು. ದೋಣಿಯಲ್ಲಿ ಮಿತಿಗಿಂತ ಜಾಸ್ತಿ ಜನ ಇದ್ದರು, ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹುಡುಗಿಯರು. ಜೊತೆಗಿದ್ದ ಶಿಕ್ಷಕರ ಬಂಧನವಾಯಿತು.

ನನ್ನ ನಿಯಮ ಸರಳ. ಪ್ಲಾನಿನಲ್ಲಿ ಇಲ್ಲದ ನೀರಿಗೆ ಯಾರೂ ಇಳಿಯಬಾರದು. ‘ಸುಮ್ನೆ ಕಾಲು ಒದ್ದೆ ಮಾಡ್ಕೊಳ್ಳಲಿ ಬಿಡಿ ಸಾರ್’ ಅನ್ನುವ ಮಾತಿಗೆ ಕರಗಬೇಡಿ. ಪ್ಲಾನಿನಲ್ಲಿ ಈಜು ಇದ್ದರೆ, ನೀರನ್ನೇ ನೋಡುತ್ತಾ ನಿಲ್ಲುವುದಷ್ಟೇ ಕೆಲಸ ಅಂತ ಒಬ್ಬ ಈಜು ಬಲ್ಲ ದೊಡ್ಡವರನ್ನು ಹೆಸರು ಹಿಡಿದು ನೇಮಿಸಿ. ಅವರ ಕೈಯಲ್ಲಿ ಮೊಬೈಲ್ ಇರಬಾರದು, ಫೋಟೋ ತೆಗೆಯುವುದು ಬೇರೆಯವರ ಕೆಲಸ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದಿಲ್ಲ, ಬಾಯಿ ನೀರಿನ ಮಟ್ಟಕ್ಕೆ ಬಂದಾಗ ಕೂಗಲು ಉಸಿರೇ ಇರುವುದಿಲ್ಲ. ದೋಣಿ ಹತ್ತುವ ಮುಂಚೆ ಜಾಕೆಟ್ ಎಣಿಸಿ. ಒಂದು ಕಡಿಮೆ ಇದ್ದರೂ ಆ ದೋಣಿ ನಿಮ್ಮದಲ್ಲ, ಬುಕಿಂಗ್ ದುಡ್ಡು ಹೋದರೆ ಹೋಗಲಿ.

ಫಾರ್ಮ್‌ಹೌಸ್, ಹೋಂಸ್ಟೇಗಳಲ್ಲಿ ಕ್ಯಾಂಪ್ ಮಾಡುವವರಿಗೆ ಇನ್ನೊಂದು ಮಾತು: ಕೃಷಿ ಹೊಂಡ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ, ಪಾಚಿ ಕಟ್ಟಿ ಜಾರುತ್ತದೆ, ಬಿದ್ದವರಿಗೆ ಹತ್ತಿ ಬರಲು ಹಿಡಿತವೇ ಸಿಗುವುದಿಲ್ಲ. ನೋಡಲು ಮಾತ್ರ ತಣ್ಣಗೆ, ಸಣ್ಣ ಕೊಳದ ಹಾಗಿರುತ್ತದೆ. ಬೇಲಿ ಇಲ್ಲದ ಹೊಂಡವಿರುವ ಜಾಗವನ್ನು ಬುಕ್ ಮಾಡಬೇಡಿ. ಇದನ್ನೆಲ್ಲ ತಿಳಿಯಲು ಒಂದೇ ದಾರಿ, ಮಕ್ಕಳನ್ನು ಕರೆದೊಯ್ಯುವ ಮುಂಚೆ ನೀವೇ ಹೋಗಿ ನೋಡುವುದು. ವೆಬ್‌ಸೈಟ್ ಫೋಟೋದಲ್ಲಿ ಹೊಂಡ ಕಾಣುವುದಿಲ್ಲ. ಹೋದಾಗ ಜೇನುಗೂಡು, ಸಡಿಲ ಕಟ್ಟೆ, ತೆರೆದ ಬಾವಿ, ನೇತಾಡುವ ಕರೆಂಟ್ ವೈರು ನೋಡಿ ಫೋಟೋ ತೆಗೆದು ತಾರೀಖು ಬರೆದಿಡಿ. ಏನು ಅಪಾಯ, ಏನು ಮಾಡುತ್ತೇವೆ, ಯಾರು ಮಾಡುತ್ತಾರೆ ಅಂತ ಒಂದೇ ಪುಟ ಸಾಕು. ನಾಳೆ ಕೋರ್ಟಿನಲ್ಲಿ ನಿಮ್ಮ ಪರ ಮಾತಾಡುವುದು ಆ ಪುಟ, ಪೋಷಕರ ಸಹಿ ಅಲ್ಲ.

ಎರಡನೆಯದು, ಮಗುವಿಗೆ ಹುಷಾರಿಲ್ಲ ಅಂದಾಗ ‘ಸ್ವಲ್ಪ ನೋಡೋಣ’ ಅನ್ನುವ ಚಾಳಿ. 2006ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಶಾಲೆಯೊಂದರ 14 ವರ್ಷದ ವಿದ್ಯಾರ್ಥಿನಿ ಉತ್ತರ ಭಾರತದ ಟೂರಿನಲ್ಲಿ ಕಾಯಿಲೆ ಬಿದ್ದಳು. ಅದು ಮೆದುಳಿನ ಸೋಂಕು. ಶಿಕ್ಷಕರು ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಕೊಡಿಸಲಿಲ್ಲ, ಹುಡುಗಿ ಹಾಸಿಗೆ ಹಿಡಿದಳು. ಕರ್ನಾಟಕದ ರಾಜ್ಯ ಗ್ರಾಹಕ ಆಯೋಗ ಸುಮಾರು 88.73 ಲಕ್ಷ ಪರಿಹಾರ ಕೊಡಲು ಹೇಳಿತು, ರಾಷ್ಟ್ರೀಯ ಆಯೋಗ ಅದನ್ನು 50 ಲಕ್ಷಕ್ಕೆ ಇಳಿಸಿತು, 2021ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಮೊದಲಿನ ಮೊತ್ತವನ್ನೇ ಉಳಿಸಿತು. ಗಮನಿಸಿ, ಸೋಂಕು ಬಂದದ್ದು ಯಾರ ತಪ್ಪೂ ಅಲ್ಲ. ತಡ ಮಾಡಿದ್ದು ತಪ್ಪು.

ಇಲ್ಲಿ ನಿಜವಾದ ತೊಡಕು ಏನು ಗೊತ್ತಾ? ಜೊತೆಗೆ ಹೋದ ಶಿಕ್ಷಕರಿಗೆ ಅಧಿಕಾರವೂ ಇರುವುದಿಲ್ಲ, ಕೈಯಲ್ಲಿ ದುಡ್ಡೂ ಇರುವುದಿಲ್ಲ. ಹೆಡ್ ಮಾಸ್ಟರಿಗೆ ಫೋನ್, ಅವರು ಟ್ರಸ್ಟಿಗೆ ಫೋನ್, ಅಷ್ಟರಲ್ಲಿ ರಾತ್ರಿ ಹನ್ನೊಂದು. ಅದಕ್ಕೆ ಮೊದಲೇ ತೀರ್ಮಾನ ಮಾಡಿ: ಯಾರನ್ನೂ ಕೇಳದೆ ಆಸ್ಪತ್ರೆಗೆ ಕರೆದೊಯ್ಯುವ ಅಧಿಕಾರ ಯಾರಿಗೆ, ಅವರ ಹತ್ತಿರ ದುಡ್ಡೆಷ್ಟು, ರಾತ್ರಿಗೂ ಸಿಗುವ ಗಾಡಿ ಯಾವುದು. ತಂಗುವ ಜಾಗಕ್ಕೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಇಂಜೆಕ್ಷನ್ ಇದೆ ಅಂತ ಹೊರಡುವ ಮುಂಚೆಯೇ ಫೋನ್ ಮಾಡಿ ಕೇಳಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು ನೇರ ಆಸ್ಪತ್ರೆಗೆ. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಕೇಳಿಸಿತು ಅಂದರೆ ಆಟ ಬಂದ್, ಎಲ್ಲರೂ ಕಟ್ಟಡದೊಳಗೆ. ಮರದ ಕೆಳಗೆ ಅಲ್ಲ.

ಮೂರನೆಯದರಲ್ಲಿ ನಾಚಿಕೆ, ಮರ್ಯಾದೆ ಅಂತ ನೋಡಬೇಡಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೊಲೀಸರಿಗೆ ತಿಳಿಸಲೇಬೇಕು. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಎಲ್ಲರಿಗೂ ಅನ್ವಯಿಸುತ್ತದೆ, ಕ್ಯಾಂಪಿನ ವಾಲಂಟಿಯರ್‌ಗೂ. ‘ಮೊದಲು ನಾವೇ ಒಳಗೆ ವಿಚಾರಿಸುತ್ತೇವೆ’ ಅನ್ನುವುದು ಅಪಾಯದ ದಾರಿ. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು ಆಗಬಹುದು. ಆರೋಪಿ ನಿಮ್ಮದೇ ಸಿಬ್ಬಂದಿಯಾಗಿದ್ದು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ 1 ವರ್ಷದವರೆಗೆ, ಜೊತೆಗೆ ದಂಡ. ಮಗುವಿನ ಹೆಸರು ವಾಟ್ಸಾಪ್ ಗ್ರೂಪಿಗೆ ಹೋಗಬಾರದು. ಮಗುವನ್ನು ಮತ್ತೆ ಮತ್ತೆ ಪ್ರಶ್ನೆ ಕೇಳಬೇಡಿ, ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಟ್ಟು 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆ ಮಾಡಿ. ತಡೆಯುವ ಕೆಲಸ ಅದಕ್ಕೂ ಮುಂಚಿನದು. ಅಡುಗೆಯವರು, ಡ್ರೈವರ್, ಎರಡು ವಾರಕ್ಕೆ ಬಂದ ಡ್ಯಾನ್ಸ್ ಮಾಸ್ಟರ್, ಎಲ್ಲರಿಗೂ ಪೊಲೀಸ್ ವೆರಿಫಿಕೇಷನ್ ಮಾಡಿಸಿ. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಹೊಡೆಯುವುದಂತೂ ಬೇಡವೇ ಬೇಡ, ಶಾಲೆಯಲ್ಲಿ ಅದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ.

ಬಸ್ಸು, ಬೆಂಕಿಯ ವಿಷಯ ಬಹುತೇಕರಿಗೆ ಗೊತ್ತಿದೆ, ಚೆಕ್ ಮಾಡುವವರು ಕಡಿಮೆ. ಡ್ರೈವರ್ ಲೈಸೆನ್ಸ್, ಬಸ್ಸಿನ ಫಿಟ್‌ನೆಸ್, ಇನ್ಶೂರೆನ್ಸ್ ನೋಡಿ. ರಾತ್ರಿ ಪ್ರಯಾಣ ಇಡಬೇಡಿ. 2004ರಲ್ಲಿ ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ಸತ್ತದ್ದು ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ. ಹಾಗಾಗಿ ಮಕ್ಕಳು ಮಲಗುವ ಹಾಲ್‌ಗೆ ಎರಡು ಬಾಗಿಲಿರಲಿ, ಎರಡಕ್ಕೂ ಹೊರಗಿನಿಂದ ಬೀಗ ಬೇಡ.

ಇಷ್ಟೆಲ್ಲ ಮಾಡಿದರೂ ಏನಾದರೂ ಆಗಬಹುದು, ಅಲ್ವಾ? ಆಗ ಮೊದಲು ಚಿಕಿತ್ಸೆ, ಅದರ ಜೊತೆಜೊತೆಗೇ ಪೋಷಕರಿಗೆ ಫೋನ್. ಬೇರೆ ಮಕ್ಕಳ ಸ್ಟೇಟಸ್ ನೋಡಿ ಅವರಿಗೆ ಗೊತ್ತಾಗುವ ಹಾಗೆ ಆಗಬಾರದು. ಯಾರು ಏನು ನೋಡಿದರು ಅಂತ ಅದೇ ರಾತ್ರಿ ಒಬ್ಬೊಬ್ಬರಿಂದಲೂ ಬೇರೆ ಬೇರೆಯಾಗಿ ಬರೆಸಿ ಸಹಿ ತೆಗೆದುಕೊಳ್ಳಿ. ಹಳೆ ತಾರೀಖು ಹಾಕಿ ಹೊಸ ಕಾಗದ ಸೃಷ್ಟಿಸುವುದು, ಸಿಸಿಟಿವಿ ಅಳಿಸುವುದು, ಆಸ್ಪತ್ರೆಯ ಕಾರಿಡಾರಿನಲ್ಲಿ ಅಳುತ್ತಿರುವ ಅಪ್ಪನಿಂದ ರಾಜಿ ಪತ್ರ ಬರೆಸುವುದು, ಇವುಗಳಿಂದ ಒಂದು ಕೇಸು ಎರಡಾಗುತ್ತದೆ. ವಿಮಾ ಕಂಪನಿಗೂ ತಡ ಮಾಡದೆ ಇಮೇಲ್ ಹಾಕಿ. ಆದರೆ ಆ ಪಾಲಿಸಿ ಶಾಲಾ ಕಾಂಪೌಂಡಿನ ಹೊರಗೂ ಅನ್ವಯಿಸುತ್ತದಾ, ಈಜು ಮತ್ತು ಟ್ರೆಕ್ಕಿಂಗ್ ಅದರಲ್ಲಿ ಸೇರಿದೆಯಾ ಅನ್ನುವುದನ್ನು ಬಸ್ ಬುಕ್ ಮಾಡುವ ಮುಂಚೆ ಓದಿಕೊಳ್ಳಿ. ಸೇರಿಲ್ಲದಿದ್ದರೆ ಆ ಟೂರಿಗೆ ಬೇರೆ ಪಾಲಿಸಿ ಕೇಳಿ, ಸಿಗಲಿಲ್ಲವಾದರೆ ಈಜನ್ನೂ ಟ್ರೆಕ್ಕಿಂಗನ್ನೂ ಪ್ಲಾನಿನಿಂದ ತೆಗೆಯಿರಿ.